ಸಿಮೆಂಟ್ ಗೋಡೆಯ ಮುಂದೆ ಓನರಮ್ಮ

ಕ್ರಿಚ್‌-ಚಕ್.

ಆ ವರ್ಷಗಳ ಸದ್ದುಗಳಲ್ಲಿ ನನಗೆ ಮೊದಲು ನೆನಪಾಗುವುದು ನನ್ನ ಡಿಜಿಟಲ್ ಕ್ಯಾಮೆರಾದ ಈ ಕ್ಲಿಕ್ಕು. ಅದು ಸುಳ್ಳು ಕ್ಲಿಕ್ಕು. ಹಳೆಯ ರೀಲ್ ಕ್ಯಾಮೆರಾದ ಒಳಗೆ ನಿಜವಾಗಿಯೂ ಒಂದು ಪರದೆ ತೆರೆದು ಮುಚ್ಚುತ್ತಿತ್ತು, ಅದರ ಸದ್ದು ಹೊರಗೆ ಕೇಳುತ್ತಿತ್ತು. ನನ್ನದರಲ್ಲಿ ಅಂಥ ಸದ್ದು ಮಾಡುವಂಥದ್ದು ಏನೂ ಇರಲಿಲ್ಲ. ಬೇರೆ ಯಾವುದೋ ಕ್ಯಾಮೆರಾದ ಸದ್ದನ್ನು ರೆಕಾರ್ಡ್ ಮಾಡಿ, ಸಾಸಿವೆ ಕಾಳಿನಷ್ಟು ಸ್ಪೀಕರಿನೊಳಗೆ ತುಂಬಿಟ್ಟಿದ್ದರು. ಮೆನುವಿಗೆ ಹೋಗಿ ಬದಲಾಯಿಸಿದರೆ ಕ್ಲಿಕ್ಕಿನ ಜಾಗದಲ್ಲಿ ಹಕ್ಕಿ ಕೂಗುತ್ತಿತ್ತು, ಇನ್ನೊಂದು ಸಲ ಒತ್ತಿದರೆ ನಾಯಿ ಬೊಗಳುತ್ತಿತ್ತು. ನಾಯಿ ಬೊಗಳಿದರೆ ಫೋಟೋ ಬಿತ್ತು ಎಂದು ನಾವು ತಿಳಿಯಬೇಕು. ಐ ಆಸ್ಕ್ ಯು!

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಮೂರು ದಶಕ ಕಾನ್ವೆಂಟಿನಲ್ಲಿ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಗ್ರಾಮರ್ ಕಲಿಸಿ ರಿಟೈರ್ ಆಗಿದ್ದೆ. ಓದಿದ್ದೂ ಕಾನ್ವೆಂಟಿನಲ್ಲೇ, ಕಲಿಸಿದ್ದೂ ಕಾನ್ವೆಂಟಿನಲ್ಲೇ. ಒಬ್ಬಳೇ ಇದ್ದವಳಾದ್ದರಿಂದ ಮನೆ ಬದಲಾಯಿಸುವುದು ಕಷ್ಟವಿರಲಿಲ್ಲ. ಜೆ.ಪಿ. ನಗರದ ಅಂಚಿನಲ್ಲಿ, ಬಡಾವಣೆಯ ಅಚ್ಚುಕಟ್ಟಾದ ಕ್ರಾಸು ಮೈನುಗಳ ನಡುವೆ ಹೇಗೋ ಉಳಿದುಕೊಂಡಿದ್ದ ಹಳೆಯ ಊರಿನ ಒಂದು ಬೀದಿಯಲ್ಲಿ ಮೊದಲ ಮಹಡಿ ಬಾಡಿಗೆಗೆ ಸಿಕ್ಕಿತು. ಕೆಳಗೆ ಓನರ್ ಸಂಸಾರ. ಮಗ, ಸೊಸೆ, ಮತ್ತು ಮಗನ ತಾಯಿ. ಆ ತಾಯಿಯನ್ನು ಬಾಡಿಗೆಯವರೆಲ್ಲ ಓನರಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆಕೆ ನನ್ನನ್ನು ಟೀಚರಮ್ಮ ಎಂದರು.

ಓನರಮ್ಮನಿಗೆ ನನ್ನದೇ ವಯಸ್ಸು. ಈಗ ಮನೆಯಿರುವ ಜಾಗದಲ್ಲಿ ಆಕೆ ರಾಗಿ ಕೊಯ್ದವರು. ನನ್ನ ಅಡುಗೆಮನೆಯ ಕಿಟಕಿಯಿಂದ ಕಾಣುವ ಬೇಕರಿಯ ಜಾಗದಲ್ಲಿ ಸೊಪ್ಪು ಬೆಳೆದು ಹೆಡಿಗೆಯಲ್ಲಿ ಹೊತ್ತು ಬಸವನಗುಡಿಯವರೆಗೂ ನಡೆದು ಮಾರಿದವರು. ಜಮೀನು ಹೋಯಿತು, ಮನೆ ಬಂತು, ಮನೆಯ ಮೇಲೆ ಮನೆ ಬಂತು. ಮೈಬಣ್ಣ ಕಪ್ಪು. ಹದವಾಗಿ ಹುರಿದ ಕಾಫಿ ಬೀಜದ ಹಾಗೆ ಹೊಳೆಯುವ, ಪೂರಾ ಕಪ್ಪು. ಬಲ ಕೆನ್ನೆಯ ಮೇಲೆ ಕಿವಿಯ ಬಳಿಯಿಂದ ತುಟಿಯ ಕಡೆಗೆ ಒಂದು ಉದ್ದನೆಯ ಗಾಯದ ಗುರುತು. ಹುಡುಗಿಯಾಗಿದ್ದಾಗ ಕುಡುಗೋಲು ತಾಗಿದ್ದಂತೆ.

ಅವರ ಹಾಲಿಗೆ ಮೊದಲ ಸಲ ಹೋದಾಗ ಗೋಡೆಯ ಮೇಲಿನ ದೊಡ್ಡ ಫೋಟೋ ನೋಡಿ, "ಇವರು ಯಾರು, ನಿಮ್ಮ ಬ್ಯಾಂಕ್ ಮ್ಯಾನೇಜರಾ?" ಎಂದು ಕೇಳುವುದರಲ್ಲಿದ್ದೆ. ದೇವರು ದೊಡ್ಡವನು, ಕೇಳಲಿಲ್ಲ. ಅದು ಓನರಮ್ಮನ ತೀರಿಹೋದ ಗಂಡ. ಕಪ್ಪು ಕೋಟು, ಕೆಂಪು ಟೈ, ಹಿಂದೆ ನೀಲಿ ಪರದೆ.

"ಅವ್ರು ಕೋಟು ಕಣ್ಣಲ್ಲೂ ಕಂಡೋರಲ್ಲ ಟೀಚರಮ್ಮ," ಎಂದರು ಓನರಮ್ಮ. "ಮದ್ವೇಲೂ ಅಂಗಿ ಗುಂಡಿ ಹಾಕ್ದೋರಲ್ಲ. ಹೋದಾಗ ಮನೇಲಿ ಒಂದು ಫೋಟೋನೂ ಇರ್ಲಿಲ್ಲ. ರೇಷನ್ ಕಾರ್ಡ್ನಾಗೆ ಇತ್ತಲ್ಲ ಉಗುರಿನಷ್ಟು, ಅದ್ರಿಂದ ತಲೆ ಕಿತ್ಕಂಡು ಯಾವನ್ದೋ ಮೈಗೆ ಅಂಟ್ಸವ್ನೆ ಸ್ಟುಡಿಯೋದವ್ನು. ಮಾರ್ನಮಿ ದಿನ ಎಡೆ ಇಕ್ಕಿ ಕೈ ಮುಗಿಯೋವಾಗ ನಂಗೆ ನಾಚ್ಕೆ ಆಗ್ತದೆ. ಪರಗಂಡ್ಸಿನ ಮುಂದೆ ನಿಂತಂಗೆ."

ಇದೊಂದು ಪದ್ಧತಿಯೇ ಆಗಿತ್ತು ಆಗ. ಬದುಕಿದ್ದಾಗ ಯಾರೂ ಫೋಟೋ ತೆಗೆಯುವುದಿಲ್ಲ. ಸತ್ತ ಮೂರನೇ ದಿನ ಮನೆಯ ಟ್ರಂಕು ಬೀರುಗಳನ್ನೆಲ್ಲ ಜಾಲಾಡಿ, ಯಾರದೋ ಮದುವೆಯ ಗ್ರೂಪ್ ಫೋಟೋದ ಮೂಲೆಯಿಂದ ಒಂದು ತಲೆ ಹೆಕ್ಕಿ, ಸ್ಟುಡಿಯೋಗೆ ಓಡುತ್ತಾರೆ. ಸ್ಟುಡಿಯೋದವನ ಬಳಿ ಕೋಟು ಟೈಗಳ, ರೇಷ್ಮೆ ಸೀರೆಗಳ ಮೈಗಳು ತಯಾರಾಗಿರುತ್ತವೆ. ತಲೆಯೊಂದನ್ನು ಇಟ್ಟರೆ ಮುಗಿಯಿತು. ಮುಖಕ್ಕೆ ಎರಡು ಕೋಟಿಂಗ್ ಬಿಳುಪು ಫ್ರೀ. ಆ ಬೀದಿಯ ಮನೆಗಳಲ್ಲಿ ಗೋಡೆಯ ಮೇಲಿದ್ದ ಗಂಡಸರೆಲ್ಲ ಒಂದೇ ಕೋಟಿನವರು. ಒಂದೇ ಆಫೀಸಿನಲ್ಲಿ ಕೆಲಸಕ್ಕಿದ್ದು ಒಟ್ಟಿಗೆ ರಿಟೈರ್ ಆದವರ ಹಾಗೆ ಕಾಣುತ್ತಿದ್ದರು.

ನಾನು ಕ್ಯಾಮೆರಾ ಕೊಂಡದ್ದು ಹೊತ್ತು ಹೋಗದೆ. ಜಯನಗರದಲ್ಲಿ ಒಂದು ಸ್ವೀಟ್ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಬೇಸಿಕ್ ಫೋಟೋಗ್ರಫಿ ಕ್ಲಾಸು ನಡೆಯುತ್ತಿತ್ತು. ಸೇರಿದೆ. ಅಲ್ಲಿಗೆ ಬರುತ್ತಿದ್ದ ಗಂಡಸರನ್ನು ನೀವು ನೋಡಬೇಕಿತ್ತು. ಹತ್ತು ಜೇಬಿನ ಜಾಕೆಟ್ಟು, ತಲೆಗೆ ಕಾಡಿಗೆ ಹೋಗುವವರ ಟೋಪಿ, ಕತ್ತಿನಲ್ಲಿ ಸೋರೆಕಾಯಿಯಷ್ಟು ಉದ್ದದ ಲೆನ್ಸು. ಇಷ್ಟೆಲ್ಲ ಹೊತ್ತು ಲಾಲ್‌ಬಾಗಿಗೆ ಹೋಗಿ ತೆಗೆಯುತ್ತಿದ್ದದ್ದು ಒಂದು ಡೇಲಿಯಾ ಹೂವನ್ನು. ಹೂವಿಗೆ ಕಾಲಿಲ್ಲ, ಎಲ್ಲಿಗೂ ಓಡುವುದಿಲ್ಲ, ಹತ್ತಿರ ಹೋದರಾಯಿತು. ಅದಕ್ಕೆ ಅಷ್ಟು ದೂರದಿಂದ ಗುರಿಯಿಡುವುದೇಕೆ ಎಂದು ಒಬ್ಬರನ್ನು ಕೇಳಿದೆ. "ಮೇಡಂ, ನಿಮ್ಮದು ಎಷ್ಟು ಮೆಗಾಪಿಕ್ಸೆಲ್?" ಎಂದರು. ಅದೇ ಅವರ ಉತ್ತರ. ಮದುವೆ ಮಾತುಕತೆಯಲ್ಲಿ ಹುಡುಗನ ಸಂಬಳ ಕೇಳುವ ದನಿ.

ಮಾಸ್ಟರು ಇನ್ನೂ ಒಂದು ಕೈ ಮೇಲು. ಮೂವತ್ತೈದು ದಾಟದ ಮನುಷ್ಯ, ಜುಟ್ಟು ಕಟ್ಟಿದ್ದ. ಮೊದಲ ದಿನವೇ ಕಣ್ಣು ಮುಚ್ಚಿಕೊಂಡು, "ಫೋಟೋ ತೆಗಿಯೋದು ಕ್ಯಾಮೆರಾದಿಂದ ಅಲ್ಲ ಫ್ರೆಂಡ್ಸ್, ಸೋಲ್‌ನಿಂದ," ಎಂದ. ಹಾಗಾದರೆ ನಾವೆಲ್ಲ ಇದನ್ನು ಯಾಕೆ ಕೊಂಡೆವಪ್ಪ ಎಂದುಕೊಂಡು ನಾನು ನೋಟ್‌ಬುಕ್ ತೆಗೆದು ಮಾರ್ಜಿನ್ ಹಾಕಿದೆ.

ಆದರೂ ಪಾಠ ಪಾಠವೇ. ಆ ಸೋಲ್ ಎಂಬ ಆತ್ಮವನ್ನೂ ಜುಟ್ಟನ್ನೂ ತೆಗೆದುಬಿಟ್ಟರೆ ಉಳಿಯುವುದು ಸರಳವಾದ ಸಂಗತಿ. ಅವನು ಅದನ್ನು ಎಂಟು ಭಾನುವಾರ ಎಳೆದ, ನಾನು ಒಂದು ಪ್ಯಾರಾದಲ್ಲಿ ಹೇಳುತ್ತೇನೆ. ಕ್ಯಾಮೆರಾದೊಳಕ್ಕೆ ಎಷ್ಟು ಬೆಳಕು ಹೋಗಬೇಕು ಎಂಬ ಲೆಕ್ಕಕ್ಕೆ ಎಕ್ಸ್‌ಪೋಷರ್ ಎನ್ನುತ್ತಾರೆ. ಜಾಸ್ತಿ ಹೋದರೆ ಚಿತ್ರ ಸುಣ್ಣ, ಕಡಿಮೆಯಾದರೆ ಇದ್ದಿಲು. ಅಪರ್ಚರ್ ಎಂದರೆ ಲೆನ್ಸಿನ ಕಂಡಿ. ನಂಬರ್ ಚಿಕ್ಕದಾದಷ್ಟೂ ಕಂಡಿ ದೊಡ್ಡದು. ಯಾಕೆ ತಿರುಗಾಮುರುಗಾ ಎಂದು ಕೇಳಬೇಡಿ, ಬಾಯಿಪಾಠ ಮಾಡಿ. ಶಟರ್ ಸ್ಪೀಡ್ ಎಂದರೆ ಆ ಕಂಡಿಯಿಂದ ಎಷ್ಟು ಹೊತ್ತು ಬೆಳಕು ಬೀಳುತ್ತದೆ ಎಂಬುದು. ಸೆಕೆಂಡಿನ ಅರವತ್ತನೇ ಒಂದು ಭಾಗವಾದರೆ ಸುಮ್ಮನೆ ಕೂತವರಿಗೆ ಸಾಕು, ಓಡುವ ನಾಯಿಗೆ ಐನೂರನೇ ಒಂದು ಭಾಗ ಬೇಕು. ಐಎಸ್‌ಓ ಎಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಂಕಿ. ಅದನ್ನು ಏರಿಸಿದರೆ ಕತ್ತಲಲ್ಲೂ ಕಾಣುತ್ತದೆ, ಆದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕೆ. ಇಷ್ಟೇ. ಇದಕ್ಕೆ ಅವರು ತ್ರಿಕೋನ ಬರೆದು, ಬಣ್ಣ ತುಂಬಿ, ಲ್ಯಾಮಿನೇಟ್ ಮಾಡಿಸಿ ಹಂಚಿದರು.

ಹತ್ತು ಜೇಬಿನವರು ಇದನ್ನೆಲ್ಲ ಬರೆದುಕೊಂಡು, ಹೊರಗೆ ಬಂದ ಕೂಡಲೇ ಗುಂಡಿಯನ್ನು ಆಟೋಗೆ ತಿರುಗಿಸುತ್ತಿದ್ದರು. ಸರ್ಟಿಫಿಕೇಟ್ ಮಾತ್ರ ಎಲ್ಲರಿಗೂ ಸಿಕ್ಕಿತು.

ಕ್ಲಾಸು ಇನ್ನೂ ಮುಗಿಯದ ದಿನಗಳಲ್ಲಿ, ನಾನು ಮಾಳಿಗೆಯ ಮೇಲೆ ತುಳಸಿ ಕುಂಡವನ್ನು ಬೇರೆ ಬೇರೆ ಅಪರ್ಚರಿನಲ್ಲಿ ತೆಗೆಯುತ್ತಿದ್ದಾಗ ಒಂದು ಬೆಳಿಗ್ಗೆ ಓನರಮ್ಮ ಹಪ್ಪಳ ಒಣಗಿಸಲು ಬಂದರು. ಸ್ವಲ್ಪ ಹೊತ್ತು ನೋಡಿದರು.

"ಗಿಡಕ್ಕೆ ಅಷ್ಟೊಂದು ಫೋಟೋ ಯಾಕ್ರವ್ವ? ಸಂಬಂಧ ನೋಡ್ತಾವ್ರಾ?"

ನಕ್ಕೆ. ಆಕೆ ನಗಲಿಲ್ಲ. ಹಪ್ಪಳ ಹರಡಿ ಮುಗಿಸಿ, ಸೆರಗಿನಿಂದ ಕೈ ಒರೆಸಿಕೊಂಡು ಬಂದು ನನ್ನ ಮುಂದೆ ನಿಂತರು.

"ನಂದೊಂದು ತೆಗೀರಿ ಟೀಚರಮ್ಮ. ಗ್ವಾಡೆ ಮ್ಯಾಲೆ ಹಾಕೋ ಅಂಥದ್ದು. ನಮ್ಮೋನು ಒಳ್ಳೇವ್ನೇ, ಆದ್ರೆ ನಾನು ಹೋದ್ಮೇಕೆ ಅದೇ ಸ್ಟುಡಿಯೋಗೇ ಹೋಗ್ತಾನೆ. ಯಾವ್ಳದೋ ಮೈಗೆ ನನ್ ತಲೆ, ಮಕಕ್ಕೆ ಸುಣ್ಣ. ಆಮ್ಯಾಕೆ ಅವ್ಳಿಗೆ ಹಾರ ಹಾಕಿ ಅವ್ಳಿಗೇ ಎಡೆ ಇಕ್ತಾರೆ. ನಂಗೆ ಯಾರಿಕ್ತಾರೆ?"

ನಾನು ಏನೋ ಸಮಾಧಾನ ಹೇಳಲು ಹೋದೆ. ಆಕೆ ಕೈ ಎತ್ತಿ ತಡೆದರು. "ಸಾಯೋದಕ್ಕೆ ಹೆದ್ರಿಕೆ ಇಲ್ಲ ಕಣ್ರವ್ವ. ಸತ್ ಮ್ಯಾಲೆ ಬ್ಯಾರೆಯೋಳಾಗೋದಕ್ಕೆ ಹೆದ್ರಿಕೆ."

ಆಮೇಲೆ ಕೆಳಗೆ ಹೋಗಿ ಮನೆಯಲ್ಲಿದ್ದ ತಮ್ಮ ಫೋಟೋಗಳನ್ನೆಲ್ಲ ಒಂದು ಬಿಸ್ಕತ್ ಡಬ್ಬಿಯಲ್ಲಿ ತಂದು ತೋರಿಸಿದರು. ಮಗನ ಮದುವೆಯ ಆಲ್ಬಂ ಚಿತ್ರದಲ್ಲಿ ವಿಡಿಯೋದವನ ಫೋಕಸ್ ಲೈಟು ಬಿದ್ದು ಮುಖ ಪಿಂಗಾಣಿ ತಟ್ಟೆ. ಘಾಟಿ ಜಾತ್ರೆಗೆ ಹೋದಾಗ ಬಯಲಲ್ಲಿ ತೆಗೆದದ್ದರಲ್ಲಿ ಹಿಂದೆ ಬೆಳ್ಳನೆ ಆಕಾಶ, ಮುಂದೆ ಸೀರೆಯುಟ್ಟ ಒಂದು ನೆರಳು. "ಇದ್ರಾಗೆ ಹಲ್ಲು ಮಾತ್ರ ನಂದು," ಎಂದರು. ಇರುವ ಆರು ಫೋಟೋಗಳಲ್ಲಿ ಒಂದರಲ್ಲೂ ಕೆನ್ನೆಯ ಗಾಯ ಕಾಣುತ್ತಿರಲಿಲ್ಲ.

ಇದೇನು ಮಹಾ ಎಂದುಕೊಂಡೆ. ಲ್ಯಾಮಿನೇಟ್ ಮಾಡಿದ ತ್ರಿಕೋನ ನನ್ನ ಬಳಿಯೇ ಇತ್ತಲ್ಲ! ಮಾಳಿಗೆಯ ಸುಣ್ಣ ಬಳಿದ ಪ್ಯಾರಪೆಟ್ ಮುಂದೆ ಕೂರಿಸಿ, ಕ್ಲಾಸಿನಲ್ಲಿ ಹೇಳಿದ ಹಾಗೆಯೇ ಎಲ್ಲವನ್ನೂ ಹೊಂದಿಸಿ, ಬೆಳಕಿನ ಅಳತೆ ತೋರಿಸುವ ಮೀಟರಿನ ಮುಳ್ಳು ಸರಿಯಾಗಿ ನಡುವೆ ಬರುವಂತೆ ನೋಡಿಕೊಂಡು ಒತ್ತಿದೆ. ಕ್ರಿಚ್‌-ಚಕ್. ಹಿಂದಿನ ಪುಟ್ಟ ಸ್ಕ್ರೀನಿನಲ್ಲಿ ನೋಡಿದರೆ ಇದ್ದಿಲು. ಗೋಡೆ ಮಾಸಲು ಬಣ್ಣಕ್ಕೆ ತಿರುಗಿತ್ತು, ಓನರಮ್ಮನ ಮುಖದ ಜಾಗದಲ್ಲಿ ಒಂದು ತೂತು.

ಕ್ಯಾಮೆರಾ ಎಂಬುದು ಎಷ್ಟು ದಡ್ಡ ವಸ್ತು ಎಂದು ಮಾಸ್ಟರು ಹೇಳಿದ್ದು ಆಗ ನೆನಪಾಯಿತು. ಅದಕ್ಕೆ ಗೋಡೆ ಯಾವುದು, ಮನುಷ್ಯರು ಯಾರು ಎಂದು ತಿಳಿಯದು. ಎದುರಿಗಿರುವುದನ್ನೆಲ್ಲ ಕಲೆಸಿದರೆ ನಡುವಿನ ಒಂದು ಬೂದು ಬಣ್ಣ ಬರಬೇಕು ಎಂದು ಅದರ ನಂಬಿಕೆ. ಬಿಳಿ ಗೋಡೆ ತೋರಿಸಿದರೆ ಅಯ್ಯೋ ಬೆಳಕು ಜಾಸ್ತಿಯಾಯಿತು ಎಂದು ಗಾಬರಿಯಾಗಿ ಕಡಿಮೆ ಮಾಡುತ್ತದೆ, ಗೋಡೆಯ ತಪ್ಪಿಗೆ ಮುಂದೆ ಕೂತವರು ಕಪ್ಪಾಗುತ್ತಾರೆ. ಅದಕ್ಕೆಂದೇ ಪ್ಲಸ್ ಮೈನಸ್ ಗುಂಡಿಯೊಂದಿದೆ, ಪ್ಲಸ್ ಕಡೆಗೆ ಒತ್ತಿ ನಾವೇ ಬೆಳಕು ಏರಿಸಬೇಕು. ಪ್ಲಸ್ ಒಂದು ಸಾಕಿತ್ತು. ಅಷ್ಟಕ್ಕಿಟ್ಟು ಒಂದು ಫೋಟೋ ತೆಗೆದೆ, ಮುಖ ಕಂಡಿತು, ಗಾಯವೂ ಕಂಡಿತು. ಅಲ್ಲಿಗೆ ನಿಲ್ಲಿಸಬಹುದಿತ್ತು.

ನಾನು ನಿಲ್ಲಿಸಲಿಲ್ಲ. ಪ್ಲಸ್ ಎರಡಕ್ಕೆ ಒತ್ತಿದೆ. ಯಾಕೆ ಎಂದು ಆಗ ಕೇಳಿದ್ದರೆ ಚೆನ್ನಾಗಿ ಬರಲಿ ಎಂದು ಹೇಳುತ್ತಿದ್ದೆ. ಚಿತ್ರದಲ್ಲಿ ಹಣೆಯೂ ಮೂಗೂ ಕೆನ್ನೆಯೂ ಬೆಳಗಿ, ಓನರಮ್ಮ ಗೋಧಿ ಬಣ್ಣದವರಾದರು. ಸ್ಕ್ರೀನಿನಲ್ಲಿ ಗೋಡೆಯ ಭಾಗ ಮಿಣಮಿಣ ಮಿನುಗತೊಡಗಿತು. ಬೆಳಕು ಮಿತಿಮೀರಿದೆ, ಇಲ್ಲಿ ಏನೂ ಉಳಿದಿಲ್ಲ ಎಂದು ಕ್ಯಾಮೆರಾ ಕೊಡುವ ಎಚ್ಚರಿಕೆ ಅದು. ದಡ್ಡ ವಸ್ತುವಿಗೂ ಗೊತ್ತಾಯಿತು, ಮೂವತ್ತು ವರ್ಷ ಪಾಠ ಮಾಡಿದವಳಿಗೆ ಗೊತ್ತಾಗಲಿಲ್ಲ. ನಾನು ಹೆಮ್ಮೆಯಿಂದ ಆಕೆಯ ಮುಂದೆ ಹಿಡಿದೆ.

"ನೋಡಿ, ಎಷ್ಟು ಲಕ್ಷಣವಾಗಿದೆ!"

ಓನರಮ್ಮ ಕ್ಯಾಮೆರಾವನ್ನು ಹತ್ತಿರ ತಂದುಕೊಂಡರು, ದೂರ ಹಿಡಿದರು. ಆಮೇಲೆ ಬೆರಳಿನಿಂದ ತಮ್ಮ ಕೆನ್ನೆಯನ್ನು ಮುಟ್ಟಿ ನೋಡಿಕೊಂಡರು. ಚಿತ್ರದಲ್ಲಿ ಗಾಯ ಇರಲಿಲ್ಲ.

"ಸ್ಟುಡಿಯೋಗೆ ಬಸ್ ಚಾರ್ಜು ಆಗ್ತದೆ," ಎಂದರು. "ನೀವು ಮನೇಲೇ ಮಾಡ್ಬುಟ್ರಿ, ಅಷ್ಟೇ ವ್ಯತ್ಯಾಸ."

ಹಪ್ಪಳದ ತಟ್ಟೆಯನ್ನು ಎತ್ತಿಕೊಂಡು ಇಳಿದುಹೋದರು. ಒಂದು ವಾರ ಮೇಲೆ ಬರಲಿಲ್ಲ. ಸೊಸೆಯ ಕೈಯಲ್ಲಿ ಅವರೇಕಾಳು ಸಾರು ಕಳಿಸಿದರು, ಅದು ಬೇರೆ ವಿಷಯ.

ಆ ವಾರ ನಾನು ನನ್ನ ಹಳೆಯ ಸ್ಕೂಲ್ ಗ್ರೂಪ್ ಫೋಟೋಗಳನ್ನು ತೆಗೆದು ನೋಡಿದೆ. ವರ್ಷಕ್ಕೊಂದರಂತೆ ಹತ್ತು ಫೋಟೋ. ಕಪ್ಪು ಬಟ್ಟೆಯೊಳಗೆ ತಲೆ ಹಾಕುವ ಫೋಟೋಗ್ರಾಫರ್ ಬರುವ ದಿನ ಸಿಸ್ಟರ್ ಒಬ್ಬರು ನಮ್ಮನ್ನು ಭುಜ ಹಿಡಿದು ಸಾಲಿಗೆ ನಿಲ್ಲಿಸುತ್ತಿದ್ದರು. "ಯೂ ಬ್ರೈಟ್ ಗರ್ಲ್ಸ್, ಕಮ್ ಟು ದ ಫ್ರಂಟ್." ನಾನು ಬ್ರೈಟ್ ಎಂದರೆ ಮಾರ್ಕ್ಸ್ ಎಂದುಕೊಂಡಿದ್ದೆ. ಐದು ಸಲ ಎರಡನೇ ಸಾಲಿನಲ್ಲಿದ್ದೇನೆ, ಮಾರ್ಕ್ಸಿಗೂ ಅದಕ್ಕೂ ಸಂಬಂಧವಿರಲಿಲ್ಲ. ನಮ್ಮ ಕ್ಲಾಸಿನ ಫಸ್ಟ್ ರ್‍ಯಾಂಕ್ ಹುಡುಗಿ ಹತ್ತೂ ವರ್ಷ ಹಿಂದಿನ ಸಾಲಿನ ಕೊನೆಯಲ್ಲಿ, ಮರದ ನೆರಳಿನಲ್ಲಿದ್ದಾಳೆ. ಅವಳ ಮುಖ ಹೇಗಿತ್ತು ಎಂದು ನೆನಪಿಸಿಕೊಳ್ಳಲು ಹೋದೆ. ಬಿಳಿ ರಿಬ್ಬನ್ ಮಾತ್ರ ನೆನಪಾಯಿತು. ಆಮೇಲೆ ನಾನೇ ಟೀಚರ್ ಆದ ಮೇಲೆ ಭುಜ ಹಿಡಿದು ನಿಲ್ಲಿಸುವ ಕೆಲಸ ನನಗೆ ಬಂದಿತ್ತು. ನಾನೂ ಹಾಗೇ ನಿಲ್ಲಿಸಿದ್ದೆ. ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ಭಾನುವಾರ ಕ್ಲಾಸಿನಲ್ಲಿ ಕೈಯೆತ್ತಿ ಕೇಳಿದೆ. "ಕಪ್ಪು ಬಣ್ಣದವರನ್ನು ಅವರು ಇರುವ ಹಾಗೆಯೇ ತೆಗೆಯುವುದು ಹೇಗೆ?"

ಮಾಸ್ಟರು ನಕ್ಕ. "ಇರೋ ಹಾಗೆ ಯಾಕೆ ಮೇಡಂ? ಒಂದೂವರೆ ಸ್ಟಾಪ್ ಬೆಳಕು ಜಾಸ್ತಿ ಕೊಡಿ, ಮಿಕ್ಕಿದ್ದು ಫೋಟೋಶಾಪ್‌ನಲ್ಲಿ ಎಳ್ಕೊಳಿ. ಫೇರ್ ಆಗಿ ಬಂದ್ರೆ ಯಾರಾದ್ರೂ ಕಂಪ್ಲೇಂಟ್ ಮಾಡ್ತಾರಾ?"

"ಮಾಡಿದ್ದಾರೆ," ಎಂದೆ.

ಹತ್ತು ಜೇಬಿನವರಲ್ಲಿ ಒಬ್ಬರು, "ಮೇಡಂದು ಸೋಶಿಯಲ್ ಸರ್ವೀಸು," ಎಂದು ಪಿಸುಗುಟ್ಟಿದರು. ಎಲ್ಲರೂ ನಕ್ಕರು. ಕ್ಲಾಸಿನಲ್ಲಿ ಪಿಸುಗುಟ್ಟಿದವರನ್ನು ಬೆಂಚಿನ ಮೇಲೆ ನಿಲ್ಲಿಸುವ ಅಧಿಕಾರ ಆಗ ನನಗಿರಲಿಲ್ಲ, ಅದೊಂದು ದುಃಖ.

ಆದರೆ ಆ ದಿನವೇ ಮಾಸ್ಟರು ಒಂದು ರಟ್ಟು ತೋರಿಸಿದ. ಗ್ರೇ ಕಾರ್ಡ್ ಎಂದು ಹೆಸರು. ಕ್ಯಾಮೆರಾ ನಂಬುವ ಆ ನಡುವಿನ ಬೂದು ಬಣ್ಣವನ್ನೇ ಬಳಿದ ರಟ್ಟು. ಅದನ್ನು ಮುಖದ ಪಕ್ಕ ಹಿಡಿದು ಅಳತೆ ತೆಗೆದುಕೊಂಡರೆ ಕ್ಯಾಮೆರಾ ಮೋಸಹೋಗುವುದಿಲ್ಲ, ಬಿಳಿ ಬಿಳಿಯಾಗಿ, ಕಪ್ಪು ಕಪ್ಪಾಗಿ, ಇರುವುದು ಇರುವ ಹಾಗೆ ಬರುತ್ತದೆ. ವಿದೇಶದಿಂದ ತರಿಸಬೇಕು ಎಂದ. ನಾನು ರಟ್ಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದೆ. ಈ ಬಣ್ಣವನ್ನು ದಿನಾ ನೋಡುತ್ತೇನಲ್ಲ ಎನಿಸಿತು. ಬಸ್ಸಿನಲ್ಲಿ ಕೂತು ಬರುವಾಗ ಹೊಳೆಯಿತು.

ನಮ್ಮ ಬೀದಿಯ ಓನರುಗಳಿಗೆಲ್ಲ ಒಂದೇ ಹುಚ್ಚು. ಮನೆ ಎಂದೂ ಪೂರ್ತಿಯಾಗಕೂಡದು. ಬಾಡಿಗೆಗೆ ಇನ್ನೊಂದು ಮಹಡಿ ಎಂದು ಮೇಲೆ ಕಂಬಿಗಳನ್ನು ಬಿಟ್ಟಿರುತ್ತಾರೆ, ಗೋಡೆ ಎಬ್ಬಿಸುತ್ತಾರೆ, ಗಾರೆ ಮೆತ್ತಿ ಬಣ್ಣ ಬಳಿಯದೆ ವರ್ಷಗಟ್ಟಲೆ ಹಾಗೇ ಬಿಡುತ್ತಾರೆ. ನಮ್ಮ ಮಾಳಿಗೆಯ ಒಂದು ಬದಿಗೆ ಎಬ್ಬಿಸಿದ್ದ ಎರಡನೇ ಮಹಡಿಯೂ ಹಾಗೇ ನಿಂತಿತ್ತು. ಬಾಗಿಲಿಲ್ಲ, ಕಿಟಕಿಗೆ ಚೌಕಟ್ಟಿಲ್ಲ, ನಾಲ್ಕು ಕಡೆಯೂ ಒಣ ಸಿಮೆಂಟಿನ ಗೋಡೆ. ಬೂದು ಬಣ್ಣ. ಆ ಜುಟ್ಟಿನವನು ವಿದೇಶದಿಂದ ತರಿಸುವ ರಟ್ಟು ನಮ್ಮ ತಲೆಯ ಮೇಲೆ ಹತ್ತು ಅಡಿ ಎತ್ತರಕ್ಕೆ ನಿಂತಿತ್ತು.

ಕೆಳಗೆ ಹೋಗಿ ಓನರಮ್ಮನನ್ನು ಕರೆದೆ. ಆಕೆ ಎಲೆ ಅಡಿಕೆ ಚೀಲದ ದಾರ ಬಿಚ್ಚುತ್ತಿದ್ದರು.

"ನಂದೇ ತಪ್ಪು. ಇನ್ನೊಂದು ಸಲ ಬನ್ನಿ," ಎಂದೆ.

"ಈ ಸಲ ಎಷ್ಟು ಬೆಳ್ಳಗೆ ಮಾಡ್ತೀರಿ? ಹಾಲಿನಂಗೋ, ಮಜ್ಜಿಗೆಯಂಗೋ?"

"ಗಾಯ ಕಾಣದಿದ್ದರೆ ಕ್ಯಾಮೆರಾನ ಬಾವಿಗೆ ಹಾಕಿ."

"ಬಾವಿ ಎಲ್ಲೈತೆ ಈಗ? ಅದ್ರ ಮ್ಯಾಲೆ ಬೇಕರಿ ಐತೆ," ಎಂದು ಎದ್ದರು.

ಸೊಸೆ ಅಡುಗೆಮನೆಯಿಂದ ಇಣುಕಿ, "ಅತ್ತೆ, ಫೋಟೋ ಮೇಲೆ ಫೋಟೋ! ಯಾರಾದ್ರೂ ಹೆಣ್ಣು ನೋಡಕ್ಕೆ ಬರ್ತಾವ್ರಾ?" ಎಂದಳು.

"ಬತ್ತಾನೆ ಬುಡವ್ವ, ಕ್ವಾಣನ ಮ್ಯಾಲೆ ಕೂತ್ಕಂಡು."

ಟಿ.ವಿ. ಮುಂದೆ ಕೂತಿದ್ದ ಮಗನ ಮುಖ ಇಳಿಯಿತು. "ಬುಡವ್ವ, ಅಪಶಕುನ ಮಾತಾಡಬೇಡ," ಎಂದ. ಒಳ್ಳೆಯವನೇ, ಓನರಮ್ಮ ಹೇಳಿದ ಹಾಗೆ. ಸಾವಿನ ಮಾತು ಎತ್ತಿದರೆ ಟಿ.ವಿ. ಸೌಂಡು ಜಾಸ್ತಿ ಮಾಡುವಂಥವನು.

ಎರಡನೇ ಮಹಡಿಯಲ್ಲಿ ಮರಳಿನ ಗುಡ್ಡೆ, ಎರಡು ಹಳೆಯ ಬಾಂಡ್ಲಿ. ಸಿಮೆಂಟ್ ಗೋಡೆಗೆ ಒಂದೆರಡು ಅಡಿ ಮುಂದೆ ಇಟ್ಟಿಗೆ ಪೇರಿಸಿ ಕೂರಿಸಿದೆ. ಎಡಗಡೆಯ ಕಿಟಕಿ ಕಂಡಿಯಿಂದ ಬಿಸಿಲಿಲ್ಲದ, ಮೆತ್ತನೆಯ ಬೆಳಕು ಬಲಗೆನ್ನೆಯವರೆಗೂ ಸವರಿಕೊಂಡು ಬರುತ್ತಿತ್ತು. ಐಎಸ್‌ಓ ನೂರು. ಕಂಡಿ ಎಷ್ಟು ತೆರೆಯುತ್ತದೋ ಅಷ್ಟು. ಅರವತ್ತನೇ ಒಂದು. ಗೋಡೆಗೆ ಹಿಡಿದು ಅಳತೆ ತೆಗೆದುಕೊಂಡೆ. ಪ್ಲಸ್ಸೂ ಇಲ್ಲ, ಮೈನಸ್ಸೂ ಇಲ್ಲ.

"ನಗಲಾ?" ಎಂದು ಕೇಳಿದರು.

"ನಿಮ್ಮಿಷ್ಟ."

"ಎಡೆ ಇಕ್ಕೋವಾಗ ನಗ್ತಾ ಕೂತಿದ್ರೆ ಸೊಸೆ ಅಡ್ಗೆ ನೋಡಿ ನಗ್ತಾವ್ಳೆ ಅಂತಾರೆ," ಎಂದು ಬಾಯಿ ಬಿಗಿದುಕೊಂಡರು. ಆದರೆ ಆ ಮಾತಿನ ಕುಹಕ ಕಣ್ಣಿನಲ್ಲಿ ಉಳಿದಿತ್ತು. ಆಗ ಒತ್ತಿದೆ. ಕ್ರಿಚ್‌-ಚಕ್.

ಪ್ರಿಂಟು ಹಾಕಿಸಲು ಬನಶಂಕರಿಯ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಲ್ಯಾಬಿಗೆ ಹೋದೆ. ಕೌಂಟರಿನವನು ಕಂಪ್ಯೂಟರಿನಲ್ಲಿ ಚಿತ್ರ ತೆರೆದ ತಕ್ಷಣ ಅವನ ಕೈ ತಾನಾಗಿಯೇ ಮೌಸಿನ ಕಡೆಗೆ ಹೋಯಿತು.

"ಸ್ವಲ್ಪ ಬ್ರೈಟ್ ಮಾಡ್ತೀನಿ ಮೇಡಂ. ಈ ಲೈನ್ ಬೇರೆ ಇದೆಯಲ್ಲ ಕೆನ್ನೆ ಮೇಲೆ, ತೆಗೆದುಬಿಡ್ತೀನಿ."

"ಅದನ್ನ ಮುಟ್ಟಿದರೆ ನೋಡಿ."

"ಎಲ್ಲರಿಗೂ ಮಾಡ್ತೀವಿ ಮೇಡಂ, ಎಕ್ಸ್‌ಟ್ರಾ ಏನಿಲ್ಲ. ಮಷೀನೇ ಆಟೋಮ್ಯಾಟಿಕ್ ಆಗಿ ಮಾಡುತ್ತೆ."

"ಹಾಗಿದ್ದರೆ ಮಷೀನಿಗೆ ಹೇಳಿ, ಇವರು ನಿನಗಿಂತ ಹಳಬರು, ಕೈಯಿಡಬೇಡ ಅಂತ."

ಅವನು ನಿಟ್ಟುಸಿರುಬಿಟ್ಟು ಕವರಿನ ಮೇಲೆ ದಪ್ಪಕ್ಷರದಲ್ಲಿ ನೋ ಕರೆಕ್ಷನ್ ಎಂದು ಬರೆದ. ಎರಡು ಪ್ರಿಂಟು. ದೊಡ್ಡದೊಂದು ಗೋಡೆಗೆಂದು, ಪೋಸ್ಟ್‌ಕಾರ್ಡ್ ಅಳತೆಯದು ಓನರಮ್ಮನ ಕೈಗೆ.

ಆಕೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಉಗುರಿನಿಂದ ಗಾಯದ ಗುರುತನ್ನು ಈ ತುದಿಯಿಂದ ಆ ತುದಿಗೆ ಎಳೆದರು.

"ನಮ್ಮವ್ವನಂಗೆ ಅವ್ನಿ," ಎಂದರು. "ನಮ್ಮವ್ವಂದು ಒಂದು ಫೋಟೋನೂ ಇಲ್ಲ. ಈಗ್ ಕಂಡ್ಳು."

ದೊಡ್ಡದನ್ನೂ ಕೊಡಲು ಹೋದೆ, ಬೇಡವೆಂದರು. ಮಗ ಅಪಶಕುನ ಎನ್ನುತ್ತಾನೆ, ಬೀರುವಿನ ಹಿಂದೆ ಇಟ್ಟು ಮರೆಯುತ್ತಾನೆ. ಅದು ಮೇಲೆಯೇ ಇರಲಿ, ಹೊತ್ತು ಬಂದಾಗ ನೀವೇ ಇಳಿಸಿಕೊಂಡು ಬನ್ನಿ ಎಂದರು. ಚಿಕ್ಕದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಸಿಕೊಂಡು ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡರು. ಅವತ್ತಿನಿಂದ ಶುರುವಾಯಿತು. ಸೊಪ್ಪಿನವಳು ಬಂದರೆ ತೋರಿಸುವುದು, ಹಾಲಿನವಳು ಬಂದರೆ ತೋರಿಸುವುದು, ಎದುರುಮನೆಯ ಮುದುಕಿಗೆ ದಿನ ಬಿಟ್ಟು ದಿನ. ಸಂಜೆ ಜಗುಲಿಯ ಮೇಲೆ ಹೆಂಗಸರು ಕೂತರೆ ಆ ಫೋಟೋ ಎಲೆಯ ಜೊತೆ ಕೈಯಿಂದ ಕೈಗೆ ಸುತ್ತುತ್ತಿತ್ತು, ಅಂಚೆಲ್ಲ ಸುಣ್ಣದ ಬೆರಳಿನ ಗುರುತು. ನನಗೆ ಒಳಗೊಳಗೇ ಸಿಟ್ಟು. ಇಷ್ಟು ಕಷ್ಟಪಟ್ಟು ತೆಗೆದ ಚಿತ್ರ, ಜೋಪಾನ ಮಾಡುವುದು ಗೊತ್ತಿಲ್ಲ ಎಂದು. ವಯಸ್ಸಾದ ಮೇಲೆ ಇದೇನು ತೋರಿಕೆ ಎಂದೂ ಅಂದುಕೊಂಡೆ. ಆಕೆ ಏನು ಮಾಡುತ್ತಿದ್ದಾರೆ ಎಂದು ನನಗೆ ತಿಳಿಯಲೇ ಇಲ್ಲ.

ಶಿವರಾತ್ರಿ ಕಳೆದ ವಾರ ಓನರಮ್ಮ ಹೋದರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಎಲೆ ಅಡಿಕೆ ಚೀಲವನ್ನು, ಒಳಗಿದ್ದ ಫೋಟೋ ಸಮೇತ, ಮಣ್ಣಿಗೆ ಜೊತೆಯಲ್ಲೇ ಇಟ್ಟರಂತೆ.

ಹನ್ನೊಂದನೇ ದಿನದ ತಿಥಿಗೆ ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರು. ನಾನು ದೊಡ್ಡ ಪ್ರಿಂಟಿಗೆ ಫ್ರೇಮ್ ಹಾಕಿಸಿ ಪೇಪರಿನಲ್ಲಿ ಸುತ್ತಿ ಇಟ್ಟುಕೊಂಡಿದ್ದೆ. ಮಗ ಬಂದು ಕೇಳುತ್ತಾನೆ ಎಂದು ಕಾದೆ. ಕೇಳಲಿಲ್ಲ. ಬಾಡಿಗೆಯವಳು ತಾನಾಗಿ ಹೋಗಿ ಅವರ ಮನೆಯ ಶಾಸ್ತ್ರದಲ್ಲಿ ತಲೆಹಾಕುವುದು ಹೇಗೆ? ಮ್ಯಾನರ್ಸ್! ಕಾನ್ವೆಂಟಿನಲ್ಲಿ ನಮಗೆ ಎಲ್ಲಕ್ಕಿಂತ ಚೆನ್ನಾಗಿ ಕಲಿಸಿದ್ದು ಅದನ್ನೇ. ಕೊಟ್ಟ ಮಾತನ್ನು ಪೇಪರಿನಲ್ಲಿ ಸುತ್ತಿಟ್ಟು, ಬರಿಗೈಯಲ್ಲಿ ಕೆಳಗೆ ಹೋದೆ.

ಹೂವಿನ ಹಾರದೊಳಗೆ ಅವಳು ಕೂತಿದ್ದಳು. ಗುಲಾಬಿ ಬಣ್ಣದ ಹಿನ್ನೆಲೆ, ಜರಿಯಂಚಿನ ಹಸಿರು ರೇಷ್ಮೆ, ಕತ್ತಿನಲ್ಲಿ ಕಾಸಿನಸರ, ಹಾಲಿನಂಥ ಕೆನ್ನೆ. ಮಜ್ಜಿಗೆಯಲ್ಲ, ಹಾಲೇ. ಮಗನ ಮದುವೆಯ ಆಲ್ಬಮ್ಮಿನಿಂದ ತಲೆ ತೆಗೆದಿದ್ದರು. ನಾನು ಹೆಂಗಸರ ಸಾಲಿನ ಕೊನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ನೆಲ ನೋಡಿದೆ.

ಸೊಪ್ಪಿನವಳು ಕೈಮುಗಿಯಲು ಫೋಟೋದ ಮುಂದೆ ಹೋದಳು. ಮುಗಿಯಲು ಎತ್ತಿದ ಕೈ ಹಾಗೇ ಇಳಿಸಿದಳು.

"ಯಾರ್ಲಾ ಮಗಾ ಇವ್ಳು?"

ಮಗ, "ಏನಕ್ಕ ಹಂಗಂತೀಯ? ನಮ್ಮವ್ವ," ಎಂದ.

"ನಿಮ್ಮವ್ವನ್ನ ನಾನು ನೋಡಿಲ್ವಾ? ಕುಡ್ಲು ಏಟು ಎಲ್ಲೋಯ್ತು?"

ಎದುರುಮನೆಯ ಮುದುಕಿ ಕೋಲೂರಿಕೊಂಡು ಬಂದು ಬಗ್ಗಿ ನೋಡಿದಳು. "ಇದಲ್ಲ ಕಣಪ್ಪಾ. ನಿಮ್ಮವ್ವ ಚೀಲ್ದಾಗೆ ಇಟ್ಕಂಡಿದ್ದು ಬ್ಯಾರೆ. ಗ್ವಾಡೆ ಮುಂದೆ ಕೂತವ್ಳೆ, ಚೌಕ್ಳಿ ಸೀರೆ. ನಂಗೆ ಹತ್ ಸಲ ತೋರ್ಸವ್ಳೆ. ಇದೇ ನಾನು, ಗ್ಯಾಪ್ಕ ಇಟ್ಕೊ ಅಂದವ್ಳೆ."

"ನಂಗೂ ಅಂಗೇ ಅಂದ್ಳು," ಎಂದಳು ಹಾಲಿನವಳು. "ಇವ್ಳಿಗೆ ನಾನು ಕೈ ಮುಗಿಯಕಿಲ್ಲ."

ಒಬ್ಬೊಬ್ಬರಾಗಿ ಇಡೀ ಸಾಲು ಎದ್ದು ಬಂದು ಆ ಹಾಲುಕೆನ್ನೆಯವಳ ಮುಂದೆ ನಿಂತಿತು. ಯಾರೂ ಕೈ ಮುಗಿಯಲಿಲ್ಲ. ಬಾಳೆಲೆಯಲ್ಲಿ ಎಡೆ ಆರುತ್ತಿತ್ತು. ಮಗ ಸುತ್ತಲೂ ನೋಡಿದ, ಅವನ ಕಣ್ಣಿನಲ್ಲಿ ನೀರು ಬಂತು. ಆಮೇಲೆ ಸಾಲಿನ ಕೊನೆಯಲ್ಲಿದ್ದ ನನ್ನ ಹತ್ತಿರ ಬಂದ.

"ಮೇಡಂ, ಆ ಫೋಟೋ ನಿಮ್ಮತ್ರ ಐತಾ?"

ನಾನು ಮೆಟ್ಟಿಲು ಹತ್ತಿದ ವೇಗಕ್ಕೆ ಐನೂರನೇ ಒಂದು ಶಟರ್ ಸ್ಪೀಡ್ ಬೇಕಾಗುತ್ತಿತ್ತು. ಪೇಪರ್ ಹರಿದು ಕೊಟ್ಟೆ. ಅವನು ಗುಲಾಬಿ ಹಿನ್ನೆಲೆಯವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹಾರವನ್ನು ಬಿಚ್ಚಿ ಇದಕ್ಕೆ ಹಾಕಿದ. ಸೊಪ್ಪಿನವಳು ಮುಖ ಹತ್ತಿರ ತಂದು ಗಾಯ ನೋಡಿ, "ಹೂಂ, ಈಗ ಇಕ್ರಪ್ಪ ಎಡೆ," ಎಂದಳು.

ಆಮೇಲೆ ಒಂದು ದಿನ ಮಗ ಸ್ಟುಡಿಯೋಗೆ ಹೋಗಿ ಅಪ್ಪನ ಕೋಟು ತೆಗೆಯಲು ಆಗುತ್ತದಾ ಎಂದು ಕೇಳಿ ಬಂದನಂತೆ. ಕೋಟು ತೆಗೆದರೆ ಕೆಳಗೆ ಏನೂ ಇಲ್ಲ ಎಂದರಂತೆ. ಹಾಗಾಗಿ ಓನರಮ್ಮ ಈಗಲೂ ಆ ಹಾಲಿನಲ್ಲಿ ಟೈ ಕಟ್ಟಿದ ಮನುಷ್ಯನ ಪಕ್ಕದಲ್ಲಿ, ಸಿಮೆಂಟ್ ಗೋಡೆಯ ಮುಂದೆ ಕೂತಿದ್ದಾರೆ. ಎರಡು ಫೋಟೋಗಳನ್ನೂ ಒಟ್ಟಿಗೆ ನೋಡಿದ ಹೊಸ ಬಾಡಿಗೆಯವರು ಏನೆಂದುಕೊಳ್ಳುತ್ತಾರೋ, ನನಗೆ ತಿಳಿಯದು.

ನಾನು ಆಕೆಯನ್ನು ಕೊನೆಯ ಸಲ ನೋಡಿದ್ದು ಆಕೆ ತೀರಿಕೊಳ್ಳುವ ಹಿಂದಿನ ದಿನ ಬೆಳಿಗ್ಗೆ. ಕರಿಬೇವು ತರಲು ಚೀಲ ಹಿಡಿದು ಮೆಟ್ಟಿಲಿಳಿದೆ. ಗೇಟಿನ ಹತ್ತಿರ ಗ್ಯಾಸಿನವನು ಹೆಗಲ ಮೇಲೆ ಸಿಲಿಂಡರ್ ಹೊತ್ತು ಬೆವರುತ್ತ ನಿಂತಿದ್ದ. ಓನರಮ್ಮ ಅವನಿಗೆ ದಾರಿ ಬಿಡದೆ, ಚೀಲದಿಂದ ಫೋಟೋ ತೆಗೆದು ಅವನ ಮೂಗಿಗೆ ಹಿಡಿದಿದ್ದರು.

"ಲೋ ಮಗಾ, ಯಾರಿದು ಹೇಳು ನೋಡಾನ?"

"ನೀವೇ ಅಲ್ವೇನಮ್ಮ? ಭಾರ ಅಮ್ಮ, ಬುಕ್ ತತ್ತನ್ನಿ."

ಆಕೆ ನನ್ನ ಕಡೆ ತಿರುಗಿ ಹುಬ್ಬೇರಿಸಿದರು. "ಕೇಳುಸ್ಕಂಡ್ರಾ ಟೀಚರಮ್ಮ? ತಿಂಗ್ಳಿಗೊಂದ್ ಸಲ ಬರೋನು." ಫೋಟೋವನ್ನು ಚೀಲಕ್ಕೆ ಸೇರಿಸಿ, ದಾರ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಗ್ಯಾಸಿನ ಪುಸ್ತಕ ತರಲು ಒಳಗೆ ಹೋದರು.